ನಮ್ಮೋರು ಅನ್ನುವ ಪಟ್ಟಿ

ನನ್ನ ಫೋನಿನಲ್ಲಿ ಮೂರು ಪಟ್ಟಿಗಳಿದ್ದವು. ಒಂದರ ಹೆಸರು 'ಕಾಲೇಜು'. ತುಮಕೂರಿನಲ್ಲಿ ನನ್ನ ಜೊತೆ ಪಾಠ ಮಾಡುವವರು, ನಾಲ್ಕು ಜನರ ಮುಂದೆ ನನಗೆ ಗೊತ್ತು ಅಂತ ಹೇಳಿಕೊಳ್ಳಬಹುದಾದವರು ಅದರಲ್ಲಿದ್ದರು. ಇನ್ನೊಂದು 'ಗುಬ್ಬಿ', ಅಂದರೆ ನನ್ನ ಗಂಡನ ಮನೆ ಕಡೆಯವರು. ಮೂರನೆಯದು 'ನಮ್ಮೋರು'. ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿರುವ ನನ್ನ ತವರಿನವರು, ಅಣ್ಣ, ಅತ್ತಿಗೆ, ಚಿಕ್ಕಮ್ಮ, ದೊಡ್ಡಪ್ಪನ ಮಕ್ಕಳು ಎಲ್ಲ ಸೇರಿ ಹದಿನಾಲ್ಕು ಜನ. ಹೆಸರು ಕೇಳಿದವರು ಎಂಥ ಅಕ್ಕರೆಯಪ್ಪ ಅಂದುಕೊಳ್ಳಬೇಕು. ಆ ಪಟ್ಟಿ ಮಾಡಿದ್ದು ಅವರ ಕಣ್ಣಿಗೆ ಬೀಳದ ಹಾಗೆ ಬದುಕುವುದಕ್ಕೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಫೋನಿನಲ್ಲಿ ಸ್ಟೇಟಸ್ ಅಂತ ಹಾಕುವ ಫೋಟೊ ಯಾರಿಗೆ ಕಾಣಬೇಕು, ಯಾರಿಗೆ ಕಾಣಬಾರದು ಅಂತ ನಾವೇ ಆರಿಸಬಹುದು. ಬೇಡದವರ ಹೆಸರಿನ ಮುಂದೆ ಒಂದು ಸಲ ಒತ್ತಿದರೆ ಸಾಕು, ನಾವು ಸ್ಟೇಟಸ್ ಹಾಕಿದ್ದೇವೆ ಅನ್ನುವುದೇ ಅವರಿಗೆ ತಿಳಿಯುವುದಿಲ್ಲ. ಈ ಹದಿನಾಲ್ಕು ಜನರ ಮುಂದೂ ನಾನು ಒತ್ತಿದ್ದೆ. ಆದರೆ ಪೂರ್ತಿ ಸುಮ್ಮನಾಗಿಬಿಟ್ಟರೆ ಅನುಮಾನ ಬರುತ್ತದಲ್ಲ? ಅದಕ್ಕೇ ಅವರಿಗೊಂದು ಪಟ್ಟಿ. ಅದಕ್ಕೆ ಒಂದು ಫೋಟೊ ಹಾಕಿದರೆ ಹದಿನಾಲ್ಕು ಜನಕ್ಕೂ ಬೇರೆ ಬೇರೆಯಾಗಿ, ಅವರೊಬ್ಬರಿಗೇ ಕಳಿಸಿದ ಹಾಗೆ ಹೋಗುತ್ತದೆ. ಯುಗಾದಿಗೆ ಬೇವು ಬೆಲ್ಲ, ಗೌರಿ ಹಬ್ಬಕ್ಕೆ ಬಾಗಿನ, ಸೋಮವಾರಕ್ಕೆ ಒಂದು ಶಿವಲಿಂಗ. ದನಕ್ಕೆ ಹುಲ್ಲು ಹಾಕಿದ ಹಾಗೆ ಹಾಕುತ್ತಿದ್ದೆ.

ಇದೆಲ್ಲ ಶುರುವಾದದ್ದು ಅಣ್ಣನಿಂದ. ಅಲ್ಲ, ನೋಡಿ, ಈಗಲೂ ಅಣ್ಣನ ತಲೆಗೇ ಕಟ್ಟುತ್ತಿದ್ದೇನೆ. ಶುರುವಾದದ್ದು ನನ್ನಿಂದ.

ಒಂದು ವಿಚಾರ ಸಂಕಿರಣದಲ್ಲಿ ನಾನು ಮಾತಾಡಿದ್ದೆ. ಇಳಕಲ್ ಸೀರೆ, ಮುಂದೆ ಮೈಕು, ಹಿಂದೆ ದೊಡ್ಡ ಬ್ಯಾನರು. ಫೋಟೊ ಚೆನ್ನಾಗಿ ಬಂದಿತ್ತು, ಸ್ಟೇಟಸ್ಸಿಗಲ್ಲದೆ ಎಲ್ಲರೂ ನೋಡಿ ಕೆಳಗೆ ಬರೆಯಬಹುದಾದ ಕಡೆ ಹಾಕಿದೆ. ಕಾಲೇಜಿನವರು ಇಂಗ್ಲಿಷಿನಲ್ಲಿ ಹೊಗಳಿದರು. ಅವರೆಲ್ಲರ ಕೆಳಗೆ ಅಣ್ಣ ಬರೆದಿದ್ದ: 'ನಮ್ ತಂಗಿ. ಸಗಣಿ ಬಾಚಿದ ಕೈಲಿ ಇವತ್ತು ಮೈಕು. ಸೂಪರ್ ಕಣವ್ವ.' ಜೊತೆಗೆ ಕೈ ಮುಗಿಯುವ ಚಿತ್ರ ಸಾಲಾಗಿ ಆರು. ಅಣ್ಣ ಲಗೇಜ್ ಆಟೊ ಓಡಿಸುತ್ತಾನೆ. ತೆಂಗಿನಕಾಯಿ, ಹುಲ್ಲು, ಸಿಮೆಂಟು, ಕುಣಿಗಲ್ ಸಂತೆಗೆ ಕುರಿ, ಏನು ಸಿಕ್ಕಿದರೆ ಅದು. ಅಕ್ಷರ ಒಂದೊಂದೇ ಹುಡುಕಿ ಒತ್ತುವವನು. ಅಷ್ಟುದ್ದ ಬರೆಯಲು ಅವನಿಗೆ ಅರ್ಧ ಗಂಟೆಯಾದರೂ ಹಿಡಿದಿರುತ್ತದೆ.

ಮಾರನೇ ದಿನ ಸ್ಟಾಫ್ ರೂಮಿಗೆ ಕಾಲಿಟ್ಟರೆ ಒಬ್ಬರು, "ಏನ್ ಮೇಡಂ, ಇವತ್ತು ಮೈಕಾ, ಸಗಣಿನಾ?" ಅಂದರು. ಎಲ್ಲರೂ ನಕ್ಕರು. ಕೆಟ್ಟ ಮನಸ್ಸಿನ ನಗೆಯೇನಲ್ಲ ಅದು. ಅಂಥದೇ ಕೊಟ್ಟಿಗೆಯ ಮನೆಗಳಿಂದ ಬಂದವರು ಅವರಲ್ಲೂ ನಾಲ್ಕೈದು ಜನ ಇದ್ದರು. ನಾನೂ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನಾನು ಅವರಿಗೆಲ್ಲ 'ಕುಣಿಗಲ್ ಹತ್ರ ನಮ್ದೊಂದು ಫಾರ್ಮ್ ಇದೆ' ಅಂತ ಹೇಳಿಕೊಂಡು ಬಂದಿದ್ದೆ. ಇದ್ದದ್ದು ಹದಿನೆಂಟು ತೆಂಗಿನ ಮರ, ಒಂದು ರಾಗಿ ಹೊಲ, ಎರಡು ಸೀಮೆ ಹಸು. ಕಿವಿ ತುದಿಯವರೆಗೂ ಬಿಸಿಯಾಗಿ, ಬಾತ್‌ರೂಮಿಗೆ ಹೋಗಿ ಅಣ್ಣನ ಮಾತನ್ನು ಅಳಿಸಿಹಾಕಿದೆ.

ಅವನು ಸಂಜೆ ಫೋನ್ ಮಾಡಿದ. "ನಾನ್ ಬರ್ದಿದ್ದು ಕಾಣ್ತಾನೆ ಇಲ್ವಲ್ಲವ್ವ?"

"ಅದೇನೋ ತಾನೇ ಅಳಿಸಿಹೋಗಿದೆ ಅಣ್ಣ."

"ಹೌದಾ? ಇನ್ನೊಂದ್ ಸಲ ಬರೀಲಾ?"

"ಬೇಡ ಬಿಡಣ್ಣ."

ಇನ್ನು ಮೇಲೆ ಬರೀ ಸ್ಟೇಟಸ್ ಹಾಕುವುದು ಅಂದುಕೊಂಡು, ಮರುದಿನ ಬಿಡುವಿನ ಪೀರಿಯಡ್ಡಿನಲ್ಲಿ ಕೂತು ಪಟ್ಟಿ ಮಾಡಿದೆ. ಒಂದೊಂದು ಹೆಸರ ಮೇಲೂ ಬೆರಳಿಟ್ಟು, ಇವರು ಯಾವ ಕಡೆ, ಇವರು ಯಾವ ಕಡೆ ಅಂತ ರಾಗಿ ಕೇರಿದ ಹಾಗೆ ಕೇರಿದೆ. ಅತ್ತಿಗೆಯ ತಮ್ಮನೊಬ್ಬ ಹುಲಿಯೂರುದುರ್ಗದಲ್ಲಿದ್ದಾನೆ, ಸರ್ಕಾರಿ ಕೆಲಸ, ಇಸ್ತ್ರಿ ಮಾಡಿದ ಅಂಗಿ. ಅವನನ್ನು 'ನಮ್ಮೋರು' ಪಟ್ಟಿಗೆ ಹಾಕಲಿಲ್ಲ, 'ಕಾಲೇಜು' ಪಟ್ಟಿಗೆ ಸೇರಿಸಿದೆ. ನೆಂಟನೆಂದರೆ ಅವನೂ ನೆಂಟನೇ. ನನ್ನ ಬೆರಳಿಗೆ ಮಾತ್ರ ನೆಂಟಸ್ತಿಕೆ ಕಾಣಲಿಲ್ಲ, ಅಂಗಿ ಕಂಡಿತು. ಥೂ ನನ್ನ ಜನ್ಮಕ್ಕೆ.

ಇನ್ನು ನಮ್ಮ ಪಾಪುವಿನ ಕಿವಿಯ ವಿಷಯ.

ನಮ್ಮಲ್ಲಿ ಮಗುವಿಗೆ ಕಿವಿ ಚುಚ್ಚಿಸುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ಓಲೆ, ಹೊಸ ಬಟ್ಟೆ ಅವನೇ ತರುತ್ತಾನೆ. ಅಕ್ಕಸಾಲಿ ಆಚಾರ್ರು ಸೂಜಿ ತೆಗೆಯುವಾಗ ಮಗುವಿನ ತಲೆ ಹಿಡಿದುಕೊಳ್ಳುವವನೂ ಅವನೇ. ಬೇರೆ ಯಾವ ಶಾಸ್ತ್ರದಲ್ಲಿ ಹೆಚ್ಚುಕಮ್ಮಿ ಆದರೂ ನಡೆದುಹೋಗುತ್ತದೆ, ಇದರಲ್ಲಿ ಮಾವನ ಜಾಗದಲ್ಲಿ ಮಾವನೇ ಇರಬೇಕು. ನನಗಿರುವುದು ಒಬ್ಬನೇ ಅಣ್ಣ, ಅವನಿಗೆ ಮಕ್ಕಳಿಲ್ಲ. ಪಾಪು ಹುಟ್ಟಿದಾಗಿನಿಂದ ಫೋನ್ ಮಾಡಿದಾಗಲೆಲ್ಲ ಕೇಳುತ್ತಿದ್ದ. "ಪಾಪೂಗೆ ಕಿವಿ ಯಾವಾಗ ಚುಚ್ಚಿಸ್ತೀರವ್ವ? ನನ್ ತೊಡೆ ರೆಡಿ ಐತೆ."

ಪಾಪುವಿಗೆ ಮೂರು ತುಂಬಿತು. ಗುಬ್ಬಿಯಲ್ಲಿ ಮಾವನವರ ಮನೆಯ ತಾರಸಿ ಮೇಲೆ ಶಾಮಿಯಾನ ಹಾಕಿಸಿ ಮಾಡುವುದು ಅಂತಾಯಿತು. ಕಾಲೇಜಿನವರನ್ನೂ ಕರೆದಿದ್ದೆ, ಎರಡು ಕಾರಿನಲ್ಲಿ ಬರುತ್ತೇವೆ ಅಂದಿದ್ದರು. ಅಣ್ಣ ಬಂದರೆ ಒಬ್ಬನೇ ಬರುತ್ತಾನೆಯೇ? ಲಗೇಜ್ ಆಟೊದ ಹಿಂದೆ ಜಮಖಾನ ಹಾಸಿ, ಚಿಕ್ಕಮ್ಮನನ್ನೂ ದೊಡ್ಡಪ್ಪನ ಮಕ್ಕಳನ್ನೂ ಹತ್ತಿಸಿಕೊಂಡು, ಎಳನೀರು ಗೊನೆ ನೇತುಹಾಕಿಕೊಂಡು ಬರುತ್ತಾನೆ. ಬಂದವನೇ ಬೀದಿಯಿಂದಲೇ "ಏನ್ಲೇ ಪಾಪು!" ಅಂತ ಕೂಗುತ್ತಾನೆ. ಸಗಣಿ, ಮೈಕು ಅಂದ ಮೇಡಂ ಆ ಹೊತ್ತಿಗೆ ತಾರಸಿಯಲ್ಲಿ ನಿಂತಿರುತ್ತಾರೆ.

ಅಣ್ಣನಿಗೆ, "ಬೇಸಿಗೆ ರಜದಲ್ಲಿ ಮಾಡಿದ್ರೆ ಆಯ್ತು ಬಿಡಣ್ಣ, ಈಗೇನವಸರ" ಅಂದೆ. ಅತ್ತೆ ಎರಡು ಸಲ ಕೇಳಿದರು. "ನಿಮ್ಮಣ್ಣಂಗೆ ಹೇಳಿದೀಯೇನಮ್ಮ? ನಾವು ಹೋಗಿ ಕರ್ದು ಬರೋಣ್ವಾ?" ಕರೆದಿದ್ದೇನೆ, ಬಾಡಿಗೆ ಬಿಟ್ಟು ಬರಲು ಆಗುವುದಿಲ್ಲವಂತೆ ಅಂದೆ. ನನ್ನ ಗಂಡನಿಗೂ ಅದನ್ನೇ ಹೇಳಿದೆ. ಒಂದೇ ಸುಳ್ಳನ್ನು ಆ ಕಡೆಗೊಂದು ಥರ, ಈ ಕಡೆಗೊಂದು ಥರ. ಫೋನಿನಲ್ಲಿ ಪಟ್ಟಿ ಮಾಡಿ ಮಾಡಿ ಬಾಯಿಗೂ ಅದೇ ಅಭ್ಯಾಸವಾಗಿತ್ತು.

ಹಾಗಾದರೆ ತೊಡೆ ಯಾರದು? ನಮ್ಮ ಕಾಲೇಜಿನಲ್ಲಿ ಗಣಿತ ಹೇಳುವವರೊಬ್ಬರು ನನ್ನನ್ನು ಅಕ್ಕ ಅಂತ ಕರೆಯುತ್ತಾರೆ. "ಅಕ್ಕ, ನಾನಿಲ್ವಾ?" ಅಂದರು. ರೇಷ್ಮೆ ಪಂಚೆ ಉಟ್ಟು, ಶಲ್ಯ ಹೊದ್ದು ಲಕ್ಷಣವಾಗಿ ಕೂತರು. ಆಚಾರ್ರು ಸೂಜಿ ಚುಚ್ಚಿದಾಗ ಪಾಪು ಚೀರಿ, ಗುರುತಿಲ್ಲದ ಆ ಮುಖ ನೋಡಿ ಇನ್ನಷ್ಟು ಚೀರಿದಳು. ಅವರಿಗೆ ಹಿಡಿದುಕೊಳ್ಳಲು ಬರಲಿಲ್ಲ, ಎರಡನೇ ಕಿವಿಗೆ ನನ್ನ ಗಂಡನೇ ಬಂದು ತಲೆ ಹಿಡಿಯಬೇಕಾಯಿತು. ಫೋಟೊದಲ್ಲಿ ಮಾತ್ರ ಎಲ್ಲ ಚೆಂದ ಬಂದಿತ್ತು.

ಊಟ ಮುಗಿದ ಮೇಲೆ ಕಾಲೇಜಿನವರ ಒಂದು ಕಾರು ಮೊದಲೇ ಹೊರಟುಹೋಗಿದ್ದರಿಂದ, ನನ್ನ ಗಂಡ ಉಳಿದ ಮೂವರನ್ನು ತುಮಕೂರಿಗೆ ಬಿಟ್ಟುಬರಲು ನಮ್ಮ ಕಾರಿನಲ್ಲಿ ಹೊರಟರು. ದಾರಿಯಿಂದ ಫೋನ್ ಮಾಡಿ, ಮೇಡಂ ಫೋಟೊ ಕೇಳುತ್ತಿದ್ದಾರೆ, ನನಗೆ ಕಳಿಸು ಅಂದರು. ನಾನು ಅಕ್ಕಪಕ್ಕದ ಮನೆಗಳಿಗೆ ಕೊಡಲು ಒಬ್ಬಟ್ಟು ತಟ್ಟುತ್ತಿದ್ದೆ, ಕೈ ತುಂಬ ಎಣ್ಣೆ. ನಾದಿನಿಯನ್ನು ಕರೆದು, "ನನ್ ಫೋನ್ ತಗೊಂಡು ಆ ಫೋಟೊ ಎಲ್ಲ ನಮ್ಮೋರಿಗೆ ಕಳಿಸಿಬಿಡಮ್ಮ" ಅಂದೆ.

ನಮ್ಮೋರು ಅಂದರೆ ನನ್ನ ಗಂಡ. ಕೊತ್ತಗೆರೆಯಲ್ಲಿ ತೀರಿಹೋದ ನಮ್ಮವ್ವ, ಅತ್ತಿಗೆ, ಚಿಕ್ಕಮ್ಮ ಎಲ್ಲರೂ ಗಂಡನನ್ನು ಹಾಗೆಯೇ ಅನ್ನುವುದು. ತುಮಕೂರಿನಲ್ಲಿ ನಾನು 'ನಮ್ಮ ಹಸ್ಬೆಂಡು' ಅನ್ನುತ್ತೇನೆ, ಗುಬ್ಬಿಯ ಮನೆಯಲ್ಲಿ 'ಇವರು'. ಅವತ್ತು ಬೆಳಗಿನಿಂದ ನಿಂತು ನಿಂತು ಸುಸ್ತಾಗಿತ್ತು. ಯಾವುದನ್ನು ಇಷ್ಟು ವರ್ಷ ನಾಲಿಗೆಯ ಕೆಳಗೆ ಒತ್ತಿಟ್ಟಿದ್ದೆನೋ ಆ ಮಾತು ತಾನಾಗಿ ಬಾಯಿಗೆ ಬಂತು.

ಕಾಲು ಗಂಟೆಯ ಮೇಲೆ ಇವರ ಫೋನು ಮತ್ತೆ ಬಂತು. "ಫೋಟೊ ಬರ್ಲೇ ಇಲ್ವಲ್ಲ?"

"ಕಳಿಸಿದ್ನಲ್ಲ ಅತ್ತಿಗೆ," ಅಂದಳು ನಾದಿನಿ. "ನೀವೇ ಹೇಳಿದ್ರಲ್ಲ, ನಮ್ಮೋರಿಗೆ ಅಂತ. ಇಲ್ನೋಡಿ, ಎಲ್ಲ ಹೋಗಿದೆ."

ನೋಡಿದೆ. 'ನಮ್ಮೋರು'. ಹನ್ನೊಂದು ಫೋಟೊ. ಕೈಯಲ್ಲಿದ್ದ ಒಬ್ಬಟ್ಟಿನ ಎಲೆ ಹಾಗೆಯೇ ಜಾರಿ ಹೆಂಚಿನ ಮೇಲೆ ಮಡಚಿ ಬಿತ್ತು. ಸೆರಗಿಗೆ ಕೈ ಒರೆಸಿಕೊಂಡು, ಅಳಿಸಿಬಿಡೋಣ ಅಂತ ಮೊದಲು ಅಣ್ಣನ ಹೆಸರನ್ನೇ ತೆಗೆದೆ. ಅಷ್ಟೂ ಫೋಟೊಗಳ ಕೆಳಗೆ ನೀಲಿ ಗೀಟು ಬಿದ್ದಾಗಿತ್ತು. ಅವನು ನೋಡಿಬಿಟ್ಟಿದ್ದ. ನೋಡುತ್ತಿರುವಂತೆಯೇ ಅವನ ದನಿಯ ಮೆಸೇಜು ಬಂತು. ನನಗೆ ಒತ್ತಲು ಧೈರ್ಯವಿಲ್ಲ. ನಾದಿನಿ, "ನಿಮ್ಮಣ್ಣಂದಾ? ಕೇಳಿ ಅತ್ತಿಗೆ" ಅಂತ ತಾನೇ ಒತ್ತಿದಳು. ಅಡಿಗೆಮನೆಯ ತುಂಬ ಅಣ್ಣನ ದನಿ.

"ಚೆನ್ನಾಗ್ ಮಾಡಿದೀರ ಕಣವ್ವ. ಪಾಪು ಲಕ್ಷಣವಾಗ್ ಕಾಣ್ತಾಳೆ. ಓಲೆ ಒಸಿ ದೊಡ್ಡದಾಯ್ತೇನೋ, ನೋಡ್ಕಳ್ಳಿ. ಕಿವಿಗೆ ದಿನಾ ಕೊಬ್ಬರಿ ಎಣ್ಣೆ ಹಚ್ಚು, ಕೀವಾಗ್ಬುಟ್ಟಾತು." ಆಮೇಲೆ ಸ್ವಲ್ಪ ಹೊತ್ತು ಬರೀ ಆಟೊ ಇಂಜಿನ್ನಿನ ಸದ್ದು. "ಆಯ್ತು ಬುಡು."

ಅವನು ಬೈಯಬೇಕಿತ್ತು. ಆ ಪಂಚೆಯವನು ಯಾರು ಅಂತ ಕೇಳಬೇಕಿತ್ತು. ಕೇಳಿದ್ದರೆ ನಾನೂ ನಾಲ್ಕು ಮಾತು ಎದುರಾಡಿ, ಜಗಳ ಮಾಡಿ, ಅತ್ತು ಹಗುರಾಗುತ್ತಿದ್ದೆ. ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. "ಕರ್ದಿದೀನಿ ಅಂದ್ಯಲ್ಲಮ್ಮ," ಅಂದರು. ಅಷ್ಟೇ. ಹೆಂಚಿನ ಮೇಲಿದ್ದುದನ್ನು ತೆಗೆದು ಪಕ್ಕಕ್ಕಿಟ್ಟು, ಒಲೆ ಆರಿಸಿ ಹೊರಗೆ ಹೋದರು. ನನ್ನ ಗಂಡ ವಾಪಸ್ಸು ಬಂದ ಮೇಲೆ ವಿಷಯ ತಿಳಿದು, "ನನ್ ತಂಗಿಗೆ ನಾನು ಹಿಂಗ್ ಮಾಡಿದ್ರೆ ನೀನು ನನ್ನ ಮನುಷ್ಯ ಅಂತೀಯಾ?" ಅಂದರು. ಅವರ ತಂಗಿ ಅಲ್ಲೇ ಕೂತು ಪಾಪುವಿನ ಕಿವಿಗೆ ಎಣ್ಣೆ ಹಚ್ಚುತ್ತಿದ್ದಳು.

ಮೂರು ವಾರ ನಾನು ಅಣ್ಣನಿಗೆ ಫೋನ್ ಮಾಡಲಿಲ್ಲ. ಅವನೂ ಮಾಡಲಿಲ್ಲ. ಎರಡು ಸೋಮವಾರ ಶಿವಲಿಂಗ ಕಳಿಸಲು ಹೋಗಿ ಕೈ ಹಿಂದೆ ತೆಗೆದೆ. ನಾಚಿಕೆ ಅಂದರೆ ಏನು ಅಂತ ಅಷ್ಟು ದಿನ ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಸ್ಟಾಫ್ ರೂಮಿನಲ್ಲಿ ಕಿವಿ ಬಿಸಿಯಾಗಿತ್ತಲ್ಲ, ಅದನ್ನೇ ನಾಚಿಕೆ ಅಂತ ತಿಳಿದಿದ್ದೆ. ಇದು ಬೇರೆ. ಅನ್ನ ಸೇರುವುದಿಲ್ಲ, ಪಾಪುವಿಗೆ ತಲೆ ಬಾಚುವಾಗ ಕಿವಿ ನೋಡಲು ಆಗುವುದಿಲ್ಲ. ನಾಲ್ಕನೇ ಭಾನುವಾರ ಪಾಪುವನ್ನು ಕರೆದುಕೊಂಡು ಕುಣಿಗಲ್ ಬಸ್ಸು ಹತ್ತಿದೆ. ಕಾರಿನಲ್ಲಿ ಬಿಡುತ್ತೇನೆ ಅಂದರು ಇವರು. ಕಾರಿನಿಂದ ಇಳಿಯುವ ಮುಖ ನನಗಿರಲಿಲ್ಲ.

ಕೊತ್ತಗೆರೆಯ ಮನೆಯ ಮುಂದೆ ಆಟೊ ನಿಂತಿತ್ತು. ಅಣ್ಣ ಜಗಲಿಯಲ್ಲಿ ಕೂತು ಸುಲಿದ ಕಾಯಿಗಳನ್ನು ಚೀಲಕ್ಕೆ ತುಂಬುತ್ತಿದ್ದ. ನನ್ನನ್ನು ನೋಡಿ, "ಬಾರವ್ವ. ಬಸ್ನಾಗ್ ಬಂದ್ಯಾ? ಫೋನ್ ಮಾಡಿದ್ರೆ ನಾನೇ ಕುಣಿಗಲ್‌ಗೆ ಬರ್ತಿರ್ಲಿಲ್ವಾ?" ಅಂದ. ಪಾಪುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು ಒಂದು ಕಿವಿ ನೋಡಿದ, ಮುಖ ತಿರುಗಿಸಿ ಇನ್ನೊಂದು ನೋಡಿದ. "ಬೋ ಅತ್ಲಾ?" ಅಂತ ಕೇಳಿದ.

"ಹೂಂ ಅಣ್ಣ."

"ಗಟ್ಟಿಯಾಗ್ ಹಿಡ್ಕಬೇಕು. ಹಿಡ್ಕಂಡ್ರೆ ಅಷ್ಟ್ ಗೊತ್ತಾಗಲ್ಲ."

ಅತ್ತಿಗೆ ಅಣ್ಣನಂಥವಳಲ್ಲ. ಕಾಫಿ ಲೋಟವನ್ನು ಸದ್ದಾಗುವಂತೆ ನನ್ನ ಮುಂದೆ ಇಟ್ಟಳು. "ಒಬ್ರಿಗ್ ಕಳ್ಸಿದ್ರೆ ನಾವು ನುಂಗ್ಕತಿದ್ವಿ. ಊರೋರಿಗೆಲ್ಲ ಕಳ್ಸಿದ್ಯಲ್ಲ ಮಾರಾಯ್ತಿ! ಸಂಜೆಗೆಲ್ಲ ಒಬ್ರಾದ್ ಮೇಲ್ ಒಬ್ರು ಬಂದ್ರು, ಮಾವನ್ ಜಾಗದಲ್ಲಿ ಇದ್ಯಾರು ಕುಂತಿರೋದು ಅಂತ. ನಮ್ಮೋರು ಏನಂದ್ರು ಗೊತ್ತಾ? ನಂಗೆ ಚಳಿಜ್ವರ, ನಾನೇ ಅವ್ರನ್ನ ಕೂರ್ಸಿ ಅಂದೆ ಅಂದ್ರು. ಅಂದ್ಬುಟ್ಟು ಎರಡ್ ದಿನ ಬಾಡಿಗೆ ಬುಟ್ಟು ಕಂಬಳಿ ಹೊದ್ಕಂಡ್ ಮಲಗವ್ರೆ, ಸುಳ್ಳು ಅಂತ ಗೊತ್ತಾಗ್ಬಾರ್ದು ಅಂತ. ಆ ಬಿಸ್ಲಲ್ಲಿ!"

"ಸುಮ್ಕಿರೇ," ಅಂದ ಅಣ್ಣ.

ನಾನು ಹೇಳಲೆಂದೇ ಹೋಗಿದ್ದೆ, ಹೇಳಿಬಿಟ್ಟೆ. "ಅಣ್ಣ, ಮರೆತು ಕರೀದೆ ಇದ್ದದ್ದಲ್ಲ. ಬೇಕಂತ್ಲೇ ಕರೀಲಿಲ್ಲ. ಕಾಲೇಜಿನವರ ಮುಂದೆ ನೀನು..."

"ಗೊತ್ತು ಕಣವ್ವ."

"ಫೋಟೊ ನೋಡಿ ಗೊತ್ತಾಯ್ತಾ?"

"ಇಲ್ಲ, ಮೊದ್ಲೇ ಗೊತ್ತಿತ್ತು." ಅವನು ಪಾಪುವಿನ ಕೈಗೆ ಕೊಬ್ಬರಿಯ ಚೂರೊಂದನ್ನು ಕೊಟ್ಟ. "ಹೋದ್ ವರ್ಷ ದುರ್ಗದಿಂದ ಇವಳ ತಮ್ಮ ಬಂದಿದ್ದ. ನಿನ್ ತಂಗಿ ಕಾರ್ ತಗಂಡವ್ಳಲ್ಲ, ಸ್ಟೇಟಸ್ ಹಾಕವ್ಳೆ ಅಂದ. ಅವನ್ ಫೋನಲ್ಲಿ ಕಾರು ಐತೆ, ನೀನು ನಿಂತಿದೀಯ, ಪಾಪು ಐತೆ. ನನ್ ಫೋನಲ್ಲಿ ಏನೂ ಇಲ್ಲ. ನಂದು ಕೆಟ್ಟೋಗೈತೆ ಅಂತ ಕುಣಿಗಲ್ ಅಂಗ್ಡಿಗೆ ತಗಂಡ್ ಹೋದೆ. ಅವ್ನು ಅಲ್ಲಿ ಒತ್ತಿ ಇಲ್ಲಿ ಒತ್ತಿ ನೋಡ್ಬುಟ್ಟು, ಫೋನ್ ಸರಿಯಾಗೈತೆ, ಅವ್ರೇ ನಿಮ್ಗೆ ಕಾಣ್ದಂಗೆ ಮಾಡವ್ರೆ ಅಂದ. ಅಂಗ್ಡಿ ತುಂಬ ಜನ ಇದ್ರು."

ಒಂದು ವರ್ಷ. ಆ ಒಂದು ವರ್ಷ ನಾನು ಹಾಕಿದ ಬೇವು ಬೆಲ್ಲಕ್ಕೂ ಬಾಗಿನಕ್ಕೂ ಶಿವಲಿಂಗಕ್ಕೂ ಅವನು ತಪ್ಪದೆ ಆರು ಕೈಮುಗಿತ ಕಳಿಸಿದ್ದ. ಎಲ್ಲ ಗೊತ್ತಿದ್ದೇ ಕಳಿಸಿದ್ದ. "ಯಾಕಣ್ಣ ಕೇಳ್ಲಿಲ್ಲ ನನ್ನ?" ಅಂದೆ.

"ಕೇಳ್ಬುಟ್ರೆ ನೀನ್ ಹೌದು ಅಂತಿದ್ದೆ. ಆಮೇಲ್ ಏನ್ ಮಾಡದು?" ಅಂದ.

ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು. ನಾನು ಅತ್ತುಬಿಟ್ಟೆ. ಅಣ್ಣ ನೋಡಲಿಲ್ಲ, ಅಥವಾ ನೋಡದವನ ಹಾಗೆ ಕಾಯಿ ತುಂಬುವುದಕ್ಕೆ ತೊಡಗಿದ. ಆಮೇಲೆ ತಗ್ಗಿದ ದನಿಯಲ್ಲಿ, "ಊರಲ್ಲಿ ಯಾರಾನ ಕೇಳಿದ್ರೆ ನೀನೂ ಜ್ವರ ಅಂತ್ಲೇ ಅಂದ್ಬುಡು. ಇಬ್ರೂ ಒಂದೇ ಹೇಳ್ಬೇಕು" ಅಂದ.

ಹಾಗೆ ಅಂದು ಬಾಯಿ ಮುಚ್ಚಿರಲಿಲ್ಲ, ಪಕ್ಕದ ಮನೆಯಿಂದ ಚಿಕ್ಕಮ್ಮ ಬಂದಳು. ನಾನು ಬಂದದ್ದು ಆಗಲೇ ಗೊತ್ತಾಗಿತ್ತು. ಪಾಪುವಿನ ಗಲ್ಲ ಹಿಡಿದು ಲಟಿಕೆ ಮುರಿದು, ನನ್ನ ಎದುರಿಗೇ ಕೂತಳು. "ಚೆಂದ ಆಗೈತೆ ಕಣವ್ವ ಕಿವಿ. ಅಲ್ಲ, ಆ ಹಾಳ್ ಜ್ವರ ಇವನಿಗೆ ಅವತ್ತೇ ಬರ್ಬೇಕಾ? ಮೂರ್ ವರ್ಷದಿಂದ ಅದನ್ನೇ ಜಪ ಮಾಡ್ತಿದ್ನಲ್ಲ!"

ಅಣ್ಣ ನನ್ನ ಮುಖ ನೋಡಿದ.

"ಹೂಂ ಚಿಕ್ಕಮ್ಮ," ಅಂದೆ. "ತುಂಬ ಜ್ವರ ಇತ್ತು. ನಾನೇ ಬರ್ಬೇಡ ಅಂದೆ." ಕ್ಲಾಸಿನಲ್ಲಿ ಪಾಠ ಹೇಳುವಷ್ಟು ಸಲೀಸಾಗಿ ಬಂತು ಮಾತು.

ಚಿಕ್ಕಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಅಷ್ಟ್ ಜ್ವರ ಬಂದ್ ಮಲಗಿದ್ದೋನ್ನ, ಒಡಹುಟ್ಟಿದೋಳು ನೀನು, ಒಂದ್ ಗಳಿಗೆ ಬಂದ್ ನೋಡ್ಕಂಡ್ ಹೋಗ್ಬಾರ್ದಾಗಿತ್ತೇನೇ?"

ಇದಕ್ಕೆ ಒಂದು ಸುಳ್ಳೂ ನನಗೆ ಹೊಳೆಯಲಿಲ್ಲ. ಅತ್ತಿಗೆ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು, ಈಗ ಅನುಭವಿಸು ಅನ್ನುವ ಹಾಗೆ.

ಅಣ್ಣ ಚೀಲದ ಬಾಯಿ ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. "ಬಂದಿದ್ಲು ಕಣ್ ಚಿಕ್ಕವ್ವ," ಅಂದ. "ನೀನ್ ಹೊಲದ್ ತಾವ ಹೋಗಿದ್ದೆ."